ಮಡಕೆಯ ಸುತ್ತಲಿನ ಪಂಕ್ತಿ

ಉಣ್ಣುವ ಮೊದಲು ಅನ್ನಕ್ಕೆ ಕೈಮುಗಿಯುವುದು ಬಾಲ್ಯದಿಂದ ಬಂದ ಅಭ್ಯಾಸ. ಉಂಡ ಕಥೆಯನ್ನು ಬರೆಯುವ ಮೊದಲೂ ಹಾಗೆಯೇ ಮಾಡುವುದು ಉಚಿತವೆಂದು ತೋರುತ್ತದೆ. ಆದ್ದರಿಂದ, ಬೇಯಿಸುವ ಅಗ್ನಿಗೆ ನಮಸ್ಕಾರ. ತನ್ನೊಳಗೆ ಬಂದುದನ್ನೆಲ್ಲ ಮುಖ ಸಿಂಡರಿಸದೆ ಸ್ವೀಕರಿಸುವ ಮಡಕೆಗೆ ನಮಸ್ಕಾರ. ನೆಲದಲ್ಲಿ ಬೆಳೆದ ಕಾಯಿಪಲ್ಯಕ್ಕೂ, ನಾನೆಂದೂ ಕಾಣದ ಕಡಲಿನ ತಳದಲ್ಲಿ ಓಲಾಡಿಕೊಂಡಿದ್ದ ಸೊಪ್ಪಿಗೂ ನಮಸ್ಕಾರ. ಗಂಟಲಿಗೆ ನುಂಗುವ ಶಕ್ತಿಯನ್ನು ಕೊಟ್ಟು, ಅದೊಂದು ವರವೆಂಬುದು ನಮ್ಮ ನೆನಪಿಗೂ ಬಾರದಷ್ಟು ಸದ್ದಿಲ್ಲದೆ ಅದನ್ನು ನಡೆಸಿಕೊಂಡು ಬರುತ್ತಿರುವ ಪರಮಾತ್ಮನಿಗೆ ಸಾಷ್ಟಾಂಗ ನಮಸ್ಕಾರ.

ಮಿತ್ರರೇ, ನನ್ನ ಊಟದ ತಟ್ಟೆ ಕಂಚಿನದು. ಮೈಸೂರಿನ ಪಾಠಶಾಲೆಯೊಂದರಲ್ಲಿ ಸಂಸ್ಕೃತ ಕಲಿಸಿ ನಿವೃತ್ತನಾಗಿ, ಪತ್ನಿಯನ್ನೂ ಕಳೆದುಕೊಂಡ ಮೇಲೆ, ಮಗಳು ವಸುಧಾ ನನ್ನನ್ನು ಸಿಯಾಟಲಿನ ಸಮೀಪದ ನ್ಯೂಕ್ಯಾಸಲಿಗೆ ಕರೆತಂದಾಗ, ಪೆಟ್ಟಿಗೆಯಲ್ಲಿ ಬಟ್ಟೆಬರೆಗಿಂತ ಮೊದಲು ನಾನಿಟ್ಟುಕೊಂಡದ್ದು ಆ ತಟ್ಟೆಯನ್ನೇ. ಮಗಳು ಅದಕ್ಕೊಂದು ಜಾಗವನ್ನೂ ಮಾಡಿಕೊಟ್ಟಳು. ಅಡಿಗೆಮನೆಯ ಪಕ್ಕದ, ದಿನಸಿ ಇಡುವ ಪುಟ್ಟ ಕೋಣೆಯನ್ನು ಬರಿದು ಮಾಡಿ, ಪೂರ್ವದ ಕಿಟಕಿಯ ಕೆಳಗೆ ಮಣೆ ಹಾಕಿಸಿದಳು. ಸ್ನಾನ, ಸಂಧ್ಯಾವಂದನೆ, ಪೂಜೆಗಳಾದ ಮೇಲೆ ಮಡಿಯಲ್ಲಿ, ಮೌನದಲ್ಲಿ, ಬಾಗಿಲು ಮುಂದೆ ಮಾಡಿಕೊಂಡು ಅಲ್ಲಿ ನನ್ನ ಊಟ. ಮನೆಯ ಉಳಿದವರದು ನಡುಮನೆಯ ದೊಡ್ಡ ಮೇಜಿನ ಸುತ್ತ. ಆ ಮೇಜಿನ ಬಳಿ ಕುಳಿತು ನಾನು ಪುಸ್ತಕ ಓದಿದ್ದೇನೆ, ಹೂ ಕಟ್ಟಿದ್ದೇನೆ, ಬಂದವರೊಡನೆ ಹರಟಿದ್ದೇನೆ. ಒಂದು ತುತ್ತು ಉಂಡಿರಲಿಲ್ಲ. ಇದರಿಂದ ಯಾರಿಗೂ ತೊಂದರೆಯಿದೆಯೆಂದು ಯಾರೂ ಹೇಳಿರಲಿಲ್ಲವಾಗಿ, ತೊಂದರೆಯಿಲ್ಲವೆಂದೇ ನಾನು ತಿಳಿದಿದ್ದೆ.

ಅಳಿಯ ಮುರಳೀಧರ ಓವರ್‌ಲೇಕಿನ ದೊಡ್ಡ ಸಾಫ್ಟ್‌ವೇರ್ ಕಂಪನಿಯಲ್ಲಿ ಎಂಜಿನಿಯರ್. ಮಾತಿನ ಮಲ್ಲ. ಊಟದ ಹೊತ್ತಿನಲ್ಲಿ ಅವನ ನಗೆ ನನ್ನ ಕೋಣೆಯ ಬಾಗಿಲನ್ನು ದಾಟಿ ಬಂದು, ಮೌನವ್ರತದಲ್ಲಿದ್ದ ನನ್ನನ್ನೂ ಎಷ್ಟೋ ಸಲ ನಗಿಸಿದೆ. ಇಂಥವನಿಗೆ ಹೋದ ವರ್ಷ ಗಂಟಲಿನ ಕಾಯಿಲೆ ಬಂತು. ಕಿರಣಗಳ ಚಿಕಿತ್ಸೆ ನಡೆದು, ಭಗವಂತನ ದಯದಿಂದ ಕಾಯಿಲೆ ಹೋಯಿತು. ಹೋಗುವಾಗ ಅವನ ಬಾಯಿಯ ಜೊಲ್ಲನ್ನೂ ದನಿಯ ಇಂಪನ್ನೂ ಕೊಂಡೊಯ್ಯಿತು. ಮೆತ್ತಗಿನದು, ಬಿಸಿಯಾದದ್ದು, ನೀರಾದದ್ದು ಮಾತ್ರ ಇಳಿಯುತ್ತದೆ. ಅದೂ ನಿಧಾನವಾಗಿ, ಒಂದೊಂದು ತುತ್ತಿನ ಹಿಂದೆ ಒಂದೊಂದು ಗುಟುಕು ನೀರಿನೊಡನೆ. ಒಮ್ಮೊಮ್ಮೆ ನೆತ್ತಿಗೇರಿ, ಕಣ್ಣು ಮೂಗುಗಳಲ್ಲಿ ನೀರು ಹರಿದು, ಕೆಮ್ಮು ನಿಲ್ಲುವುದೇ ಇಲ್ಲ.

ಚಿಕಿತ್ಸೆ ಮುಗಿದ ಮೇಲೆ ಅವನು ಮೊದಲು ಊಟಕ್ಕೆ ಹೋದದ್ದು ಟೋಟೆಮ್ ಲೇಕಿನಲ್ಲಿರುವ ವಿಲ್ಫ್ರೆಡ್ ಮತ್ತು ಲವೀನಾ ದಂಪತಿಗಳ ಮನೆಗೆ. ಮಂಗಳೂರಿನ ಕಡೆಯ ಕ್ರೈಸ್ತರು. ಮುರಳಿಯ ಬಹುಕಾಲದ ಗೆಳೆಯರು. ಅಲ್ಲಿ ಎರಡನೆಯ ತುತ್ತಿಗೇ ಕೆಮ್ಮು ಬಂತಂತೆ. ಕೆಮ್ಮು ದೊಡ್ಡದಲ್ಲ, ಮೇಜಿನ ಸುತ್ತಲಿದ್ದ ಅಷ್ಟೂ ಮಂದಿ ಒಮ್ಮೆಗೇ ಮಾತು ನಿಲ್ಲಿಸಿ ಅವನ ಬಾಯಿಯನ್ನೇ ನೋಡಿದರಂತೆ, ಅದು ದೊಡ್ಡದು. ಅವನು ಎದ್ದು ಹೋಗಿ ಕಾರಿನಲ್ಲಿ ಕುಳಿತ. ಅಂದಿನಿಂದ ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಒಬ್ಬನೇ ಉಣ್ಣತೊಡಗಿದ. ಉಂಡದ್ದೆಷ್ಟು ಎಂಬುದು ಯಾರಿಗೂ ತಿಳಿಯದು, ಅವನ ಅಂಗಿಗಳು ಮಾತ್ರ ತಿಂಗಳಿಂದ ತಿಂಗಳಿಗೆ ದೊಡ್ಡವಾಗುತ್ತಿದ್ದವು. ಇನ್ನೂ ತೂಕ ಇಳಿದರೆ ಹೊಟ್ಟೆಗೆ ನಳಿಕೆ ಹಾಕಬೇಕಾದೀತೆಂದು ವೈದ್ಯರು ಹೇಳಿ ಕಳಿಸಿದ್ದರು. ಒಬ್ಬರೇ ಉಣ್ಣುವವರು ಉಣ್ಣುವುದನ್ನೇ ಬಿಡುತ್ತಾ ಬರುತ್ತಾರೆ, ಹೇಗಾದರೂ ಮಾಡಿ ಅವರನ್ನು ಜನರ ನಡುವೆ ಕೂರಿಸಿ ಎಂದೂ ಹೇಳಿದ್ದರು.

ನನ್ನ ವಯಸ್ಸಿನವನಿಗೆ ಇನ್ನು ಬೆಚ್ಚಿಬೀಳುವಂಥದು ಏನೂ ಉಳಿದಿಲ್ಲವೆಂಬ ಒಂದು ಗರ್ವವಿರುತ್ತದೆ. ಆ ಗರ್ವ ಮುರಿಯತೊಡಗಿದ್ದು ಅಕ್ಟೋಬರಿನ ಒಂದು ಸಂಜೆ. ಸಿಯಾಟಲಿನಲ್ಲಿ ಓದುತ್ತಿರುವ ಮೊಮ್ಮಗಳು ಅನಘಾ ಶನಿವಾರಕ್ಕೆಂದು ಮನೆಗೆ ಬಂದವಳು, ಅಪ್ಪನನ್ನೂ ವಿಲ್ಫ್ರೆಡ್ ದಂಪತಿಗಳನ್ನೂ ಕೂಡಿಸಿ ಒಂದು ಜಪಾನೀ ಭೋಜನಶಾಲೆಗೆ ಕರೆದೊಯ್ಯುವುದಾಗಿ ಸಾರಿದಳು. ಅಲ್ಲಿ 'ನಾಬೆ' ಎಂಬುದೊಂದು ಊಟವಂತೆ. ಮೇಜಿನ ನಡುವೆ ಒಲೆ, ಒಲೆಯ ಮೇಲೆ ಮಣ್ಣಿನ ಮಡಕೆ, ಮಡಕೆಯೊಳಗೆ ಸದಾ ಕುದಿಯುವ ತಿಳಿ ಸಾರು. ಸುತ್ತ ಕುಳಿತವರು ತಮಗೆ ಬೇಕಾದ ಸೊಪ್ಪು, ಗೆಡ್ಡೆ, ಅಣಬೆಗಳನ್ನು ಅದರಲ್ಲಿ ಹಾಕಿ, ಬೆಂದದ್ದನ್ನು ಎತ್ತಿಕೊಂಡು ತಿನ್ನುತ್ತ ಗಂಟೆಗಟ್ಟಲೆ ಕೂತಿರುತ್ತಾರಂತೆ. ಎಲ್ಲವೂ ಬೆಣ್ಣೆಯಂತೆ ಬೆಂದಿರುತ್ತದೆ, ಬಿಸಿಯಾಗಿರುತ್ತದೆ, ಯಾರೂ ಅವಸರ ಮಾಡುವುದಿಲ್ಲ, ಯಾರು ಎಷ್ಟು ನಿಧಾನ ತಿಂದರೂ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಅವಳು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದರೆ, ಅವಳ ತಾಯಿ ಗೋಡೆಯ ಕಡೆ ತಿರುಗಿಕೊಂಡು ಪಾತ್ರೆ ಒರೆಸುತ್ತಿದ್ದಳು. ಒರೆಸಿದ ಪಾತ್ರೆಯನ್ನೇ ಮತ್ತೆ ಒರೆಸುತ್ತಿದ್ದಳು.

ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ಕೇಳಿಸಿಕೊಂಡ ಮುರಳಿ, ಒಡೆದ ದನಿಯಲ್ಲಿ, ಒಂದು ಮಾತು ಹೇಳಿದ.

"ಮಾವ ಬಂದು ನಮ್ಮ ಜೊತೆ ಕೂತ್ರೆ, ನಾನೂ ಬರ್ತೀನಿ."

ಹೇಳಿ ಮೇಲೆ ಹೋಗಿ ಬಾಗಿಲು ಹಾಕಿಕೊಂಡ. ಒಲ್ಲೆನೆನ್ನುವುದಕ್ಕೆ ಇದಕ್ಕಿಂತ ವಿನಯದ ಬಗೆ ಇರಲಾರದು. ಹೋಟೆಲಿನ ನೀರನ್ನೂ ಕುಡಿಯದ ಮಾವನನ್ನು ಒಲೆಗೆ ಅಡ್ಡ ಇಟ್ಟರೆ ಆ ಮಡಕೆ ಎಂದೂ ಕುದಿಯದೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನಾನು ಕೈಯಲ್ಲಿದ್ದ ಜಪಮಾಲೆಯ ಮಣಿಯನ್ನು ಮುಂದಕ್ಕೆ ಸರಿಸಲಾರದೆ ಕುಳಿತೆ. ಆಗ ಕಂಡಿತು, ಅಷ್ಟು ದಿನ ಕಣ್ಣೆದುರೇ ಇದ್ದದ್ದು. ಈ ಮನೆಯಲ್ಲಿ ಬಾಗಿಲು ಹಾಕಿಕೊಂಡು ಉಣ್ಣುವ ಗಂಡಸರು ಇಬ್ಬರು. ಒಬ್ಬನನ್ನು ನಾಚಿಕೆ ಕೂಡಿಹಾಕಿದೆ, ಇನ್ನೊಬ್ಬನನ್ನು ಮಡಿ. ಇಬ್ಬರಿಗೂ ಬಡಿಸಿ, ಇಬ್ಬರ ಬಾಗಿಲನ್ನೂ ಮುಚ್ಚಿ, ನನ್ನ ಮಗಳು ಅಡಿಗೆಮನೆಯ ಕಟ್ಟೆಗೆ ಒರಗಿ ನಿಂತುಕೊಂಡೇ ಉಣ್ಣುತ್ತಾಳೆ. ನಡುಮನೆಯ ಆ ದೊಡ್ಡ ಮೇಜಿನ ಮೇಲೆ ಎಷ್ಟೋ ದಿನಗಳಿಂದ ಮಡಚಿದ ಬಟ್ಟೆಗಳು ಬಿದ್ದಿವೆ. ಈ ಅರಿವಿನಿಂದ ನಾನು ತತ್ತರಿಸಿದೆನೆಂದು ಬರೆದರೆ ಅತಿಶಯೋಕ್ತಿಯೆನಿಸೀತು. ಆದರೆ ಮಿತ್ರರೇ, ತತ್ತರಿಸಿದೆ.

"ನಾನು ಬರುತ್ತೇನೆಂದು ಅವನಿಗೆ ಹೇಳು," ಎಂದೆ.

ವಸುಧಾಳ ಕೈಯ ಪಾತ್ರೆ ತೊಟ್ಟಿಗೆ ಬಿತ್ತು. "ಅಪ್ಪ, ನೀವು ಹೇಳ್ತಿರೋದೇನು ಅಂತ ಗೊತ್ತಾ ನಿಮ್ಗೆ," ಎಂದಳು. ಗೊತ್ತಿರಲಿಲ್ಲ. ಅದನ್ನು ಒಂದೊಂದಾಗಿ ತಿಳಿದುಕೊಳ್ಳುವುದೇ ಮುಂದಿನ ದಿನಗಳ ಕಾರ್ಯವಾಯಿತು.

ಮದುವೆಯ ಲಗ್ನ ಗೊತ್ತುಮಾಡಿದ ಮನೆಯಲ್ಲೂ ಇಷ್ಟು ಸಮಾಲೋಚನೆ ನಡೆದೀತೆ, ಕಾಣೆ. ನೆಲದ ಮೇಲೆ ಕೂರುವ, ಚಾಪೆ ಹಾಸಿದ ಪ್ರತ್ಯೇಕ ಕೋಣೆ ಬೇಕೆಂದು ನಾನು ಅಂದೆ. ಅದಕ್ಕೆ ಕನಿಷ್ಠ ಆರು ಮಂದಿ ಇರಬೇಕೆಂದು ಭೋಜನಶಾಲೆಯವರು ಅಂದರು. ನಾವು ಸರಿಯಾಗಿ ಅಷ್ಟೇ ಇದ್ದೆವು. ತರಕಾರಿಯ ಮಡಕೆಯೆಂದು ಮೊದಲೇ ಹೇಳಿಬಿಟ್ಟರೆ ಮಾತು ಮುಗಿಯಿತೆಂದು ನಾನು ನಿಶ್ಚಿಂತನಾಗಿದ್ದೆ. ಆದರೆ ಅನಘಾ ಫೋನು ಕೆಳಗಿಟ್ಟು ನನ್ನ ಮುಖ ನೋಡಿದಳು. ತರಕಾರಿಯ ಮಡಕೆಯಲ್ಲೂ ಸಾರಿನ ಜೀವಾಳ ಮೀನೇ ಅಂತೆ. ಮೀನನ್ನು ಹೊಗೆಯಲ್ಲಿ ಒಣಗಿಸಿ, ಮರದ ತುಂಡಿನಷ್ಟು ಗಟ್ಟಿ ಮಾಡಿ, ಬಡಗಿ ಹಲಗೆ ಹೆರೆಯುವಂತೆ ಹೆರೆದು, ಆ ಹೆರಕಲನ್ನು ಬಿಸಿನೀರಿನಲ್ಲಿ ಅದ್ದಿ ತೆಗೆದುಬಿಡುತ್ತಾರಂತೆ; ಮೀನು ಕಾಣುವುದಿಲ್ಲ, ಅದರ ಸಾರ ಮಾತ್ರ ಉಳಿಯುತ್ತದೆ. ಕಣ್ಣಿಗೆ ಕಾಣದೆ ಎಲ್ಲದರೊಳಗೂ ಇರುವುದು ಯಾವುದೆಂದು ನಾನು ನಲವತ್ತು ವರ್ಷ ಪಾಠ ಹೇಳಿದವನು. ಆ ಪ್ರಶ್ನೆಗೆ ಮೀನು ಎಂಬ ಉತ್ತರವನ್ನು ಕೇಳುವ ದಿನ ಬರುವುದೆಂದು ಎಣಿಸಿರಲಿಲ್ಲ. ಅನಘಾ ಮತ್ತೆ ಫೋನು ಮಾಡಿದಳು, ಮತ್ತೂ ಮಾಡಿದಳು. ಕಡೆಗೆ ಭೋಜನಶಾಲೆಯ ಒಡತಿ, ವಯಸ್ಸಾದ ಹೆಂಗಸು, ತಾನೇ ಫೋನಿಗೆ ಬಂದು ಮಾತಾಡಿ, ಕಡಲ ಸೊಪ್ಪೊಂದನ್ನೇ ರಾತ್ರಿಯಿಡೀ ನೆನೆಹಾಕಿ ಸಾರು ಮಾಡಿಕೊಡುವುದಾಗಿಯೂ, ಅದ್ದಿಕೊಳ್ಳುವ ರಸದಲ್ಲೂ ಮೀನು ಸೇರದಂತೆ ನೋಡಿಕೊಳ್ಳುವುದಾಗಿಯೂ, ಮಡಕೆಯನ್ನೂ ಹೊಸದನ್ನೇ ಇಡುವುದಾಗಿಯೂ ಮಾತು ಕೊಟ್ಟರು. ಯಾಕಿಷ್ಟು ತೊಂದರೆ ತೆಗೆದುಕೊಳ್ಳುತ್ತೀರೆಂದು ಮೊಮ್ಮಗಳು ಸಂಕೋಚದಿಂದ ಕೇಳಿದ್ದಕ್ಕೆ, ತಾತನಿಗೆ ಊಟ ಸೇರದಿದ್ದರೆ ಅದು ಮಡಕೆಗೆ ಅವಮಾನ ಎಂದರಂತೆ.

ಇನ್ನು ಎಂಜಲಿನ ವಿಚಾರ. ಒಂದೇ ಮಡಕೆಗೆ ಆರು ಜನರ ಕೈ! ಈ ಚಿತ್ರ ಕಣ್ಣೆದುರು ಬಂದಾಗಲೆಲ್ಲ ಎಂಟೆದೆಯ ಮೀಮಾಂಸಕರೂ ಕಂಗೆಡುವಂಥ ತರ್ಕಗಳು ನನ್ನೊಳಗೆ ಎದ್ದವು. ಕುದಿಯುತ್ತಲೇ ಇರುವ ನೀರಿಗೆ ಎಂಜಲು ತಗಲುವುದುಂಟೇ? ಅಗ್ನಿಯ ಮೇಲಿರುವವರೆಗೆ ಅದು ಪಾಕವೋ, ಅಥವಾ ಬಡಿಸಿದ ಭೋಜನವೋ? ಪಾಕವೆನ್ನೋಣವೆಂದರೆ ಉಣ್ಣುವವರು ಆಗಲೇ ಉಣ್ಣುತ್ತಿದ್ದಾರೆ. ಭೋಜನವೆನ್ನೋಣವೆಂದರೆ ಇನ್ನೂ ಬೆಂದೇ ಇಲ್ಲ. ನನ್ನ ಸಂಕಟವನ್ನು ಕಂಡು ಅನಘಾ ಜಪಾನಿನವರ ರೀತಿನೀತಿಗಳನ್ನು ಓದಿ ಹೇಳಿದಳು. ಅವರು ಉಣ್ಣುವುದು ಜೋಡಿ ಕಡ್ಡಿಗಳಿಂದ; ಬಾಯಿಗೆ ತಾಗಿದ ಕಡ್ಡಿಯನ್ನು ಮಡಕೆಗೆ ಹಾಕಬಾರದಂತೆ; ಮಡಕೆಯಿಂದ ಎತ್ತಲು ಬೇರೆಯೇ ಉದ್ದನೆಯ ಕಡ್ಡಿಗಳಿರುತ್ತವಂತೆ. ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತಿನಿಸನ್ನು ದಾಟಿಸಬಾರದಂತೆ, ಸುಟ್ಟ ದೇಹದ ಅಸ್ಥಿಯನ್ನು ಬಂಧುಗಳು ಆಯುವುದು ಹಾಗೆ. ಅನ್ನದಲ್ಲಿ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಬಾರದಂತೆ, ಸತ್ತವರಿಗೆ ಇಡುವ ಅನ್ನದಲ್ಲಿ ಹಾಗೆ ನಿಲ್ಲಿಸುತ್ತಾರೆ. ಕಡಲಾಚೆಯ, ಮೀನು ತಿನ್ನುವ, ನನ್ನ ಸಂಸ್ಕೃತವನ್ನು ಕೇಳರಿಯದ ಆ ಜನಕ್ಕೂ ಎಂಜಲಿದೆ, ಮೈಲಿಗೆಯಿದೆ, ಪಿಂಡಕ್ಕೂ ಊಟಕ್ಕೂ ನಡುವೆ ಗೆರೆಯಿದೆ. ನಮ್ಮ ಮನೆಯ ಹಿತ್ತಿಲಲ್ಲಿ ಮಾತ್ರ ಬೆಳೆಯುವುದೆಂದು ನಂಬಿದ್ದ ಗಿಡವೊಂದು ಯಾವುದೋ ದ್ವೀಪದ ಅಂಗಳದಲ್ಲಿ ಹೂಬಿಟ್ಟು ನಿಂತಂತೆ ಆಯಿತು. ಹಿಗ್ಗಬೇಕೋ ಹೆದರಬೇಕೋ ತಿಳಿಯಲಿಲ್ಲ.

ವಿಲ್ಫ್ರೆಡ್ ಫೋನಿನಲ್ಲಿ ಬೇರೊಂದು ಬಗೆಯಲ್ಲಿ ಧೈರ್ಯ ತುಂಬಿದರು. ಅವರು ನನ್ನನ್ನು ಮಾಷ್ಟ್ರೇ ಎಂದೇ ಕರೆಯುವುದು. "ನೀವು ಎಂತಕ್ಕೆ ಹೆದರುದು ಮಾಷ್ಟ್ರೇ, ಆ ದಿನ ನಾನೂ ನಿಮ್ಮ ಹಾಗೆ ಭಟ್ರು. ಹಸಿಮೀನು ನೋಡಿದ್ರೂ ಕಣ್ಣು ಮುಚ್ಕೊಳ್ತೇನೆ," ಎಂದರು. ಹಿಂದಿನಿಂದ ಲವೀನಾ, ಮುಚ್ಚಿದ ಕಣ್ಣಲ್ಲೇ ಎರಡು ತುಂಡು ಹೊಡೆಯುವ ಜನ ಇವರು ಎಂದದ್ದು ಕೇಳಿಸಿತು. ಆಮೇಲೆ ಆಕೆಯೇ ಫೋನು ತೆಗೆದುಕೊಂಡು, ದನಿ ತಗ್ಗಿಸಿ, ಮುರಳಿ ನಿಜವಾಗಿ ಬರುತ್ತಾನೆಯೇ ಎಂದು ಕೇಳಿದರು. ಅಂದು ತಾನು ಒಣ ಚಪಾತಿ ಬಡಿಸಬಾರದಿತ್ತು ಎಂದು ಆಕೆ ಇನ್ನೂ ಕೊರಗುತ್ತಿದ್ದುದು ಆಗ ತಿಳಿಯಿತು.

ದಿನವನ್ನು ಗೊತ್ತುಮಾಡಿದವನು ನಾನೇ. ಕೋಣೆ ಖಾಲಿಯಿದ್ದದ್ದು ನವೆಂಬರಿನ ಒಂದು ಶನಿವಾರ. ಏಕಾದಶಿ ಹತ್ತಿರದಲ್ಲೇ ಇತ್ತು. ಅಂದು ನಾನು ತುಲಸೀತೀರ್ಥವೊಂದನ್ನು ಬಿಟ್ಟು ಬೇರೇನನ್ನೂ ಮುಟ್ಟುವವನಲ್ಲ, ಉಪನಯನವಾದಂದಿನಿಂದ ಒಂದನ್ನೂ ತಪ್ಪಿಸಿದವನಲ್ಲ. ತಿಥಿಯೆಂಬುದು ಲೋಕಕ್ಕೆಲ್ಲ ಒಂದೇ ಕ್ಷಣದಲ್ಲಿ ಹುಟ್ಟುತ್ತದೆ, ಆದರೆ ಅದು ಯಾರಿಗೆ ಯಾವ ವಾರವೆಂಬುದನ್ನು ಅವರವರ ಊರಿನ ಸೂರ್ಯೋದಯ ತೀರ್ಮಾನಿಸುತ್ತದೆ. ಹಿಂದೆಲ್ಲ ಪ್ರತಿ ಪಕ್ಷವೂ ಮುರಳಿಯೇ ಫೋನಿನಲ್ಲಿ ನೋಡಿ, ಮಾವ, ಈ ಸಲ ಗುರುವಾರ, ಈ ಸಲ ಶುಕ್ರವಾರ ಎಂದು ಹೇಳುತ್ತಿದ್ದ. ಅವನ ಮಾತು ನಿಂತ ಮೇಲೆ ನಾನು ಮೈಸೂರಿನಿಂದ ತರಿಸಿದ ಪಂಚಾಂಗವನ್ನೇ ಹಿಡಿದು, ಎರಡು ಊರುಗಳ ಹೊತ್ತಿನ ಅಂತರವನ್ನು ಕಳೆದು, ನನ್ನ ಲೆಕ್ಕ ನಾನೇ ಹಾಕಿಕೊಳ್ಳುತ್ತಿದ್ದೆ. ಹಾಗೆಯೇ ಹಾಕಿದೆ: ಇಲ್ಲಿ ಏಕಾದಶಿ ಭಾನುವಾರ, ಶನಿವಾರ ಅಡ್ಡಿಯಿಲ್ಲ. ದಿನವನ್ನು ಎಲ್ಲರೆದುರು ಸಾರಿದಾಗ ಮುರಳಿ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡ, ಸುಮ್ಮನೆ ತಲೆಯಾಡಿಸಿ ಒಳಹೋದ.

ಆ ಶನಿವಾರ ಬೆಳಿಗ್ಗೆ ಪೂಜೆಗೆ ಕುಳಿತು ಸಂಕಲ್ಪ ಹೇಳುತ್ತಿದ್ದೆ. ಯಾವ ಸಂವತ್ಸರ, ಯಾವ ಋತು, ಯಾವ ಮಾಸ ಎಂದು ಹೇಳುತ್ತ ತಿಥಿಯ ಬಳಿಗೆ ಬಂದಾಗ ನಾಲಿಗೆ ನಿಂತಿತು. ಈ ದೇಶದಲ್ಲಿ ಚಳಿಗಾಲ ಹತ್ತಿರವಾದಾಗ ಎಲ್ಲರೂ ಒಂದು ಬೆಳಗ್ಗೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಹಿಂದಿನ ವಾರವಷ್ಟೇ ಅನಘಾ ಕುರ್ಚಿ ಹತ್ತಿ ನನ್ನ ಕೋಣೆಯ ಗಡಿಯಾರವನ್ನು ತಿರುಗಿಸಿದ್ದಳು. ನಾನೇ ಕುರ್ಚಿ ಹಿಡಿದುಕೊಂಡಿದ್ದೆ. ನನ್ನ ಲೆಕ್ಕ ಅದಕ್ಕೂ ಮೊದಲಿನದು. ಆ ಒಂದು ಗಂಟೆಯನ್ನು ಕಳೆದರೆ ಏಕಾದಶಿ ಹುಟ್ಟಿದ್ದು ಸೂರ್ಯ ಹುಟ್ಟಿದ ಮೇಲಲ್ಲ, ಮೊದಲು. ಅಂದರೆ ಭಾನುವಾರವಲ್ಲ, ಇಂದೇ.

ದಶಮಿಯ ಸೋಂಕಿರುವ ಇಂಥ ಏಕಾದಶಿಯನ್ನು ಬಿಟ್ಟು ಮರುದಿನ ಉಪವಾಸ ಮಾಡುವವರೂ ನಮ್ಮಲ್ಲಿದ್ದಾರೆ, ನಿಜ. ನಮ್ಮ ಮನೆತನದ ರೂಢಿ ಅದಲ್ಲ, ಅನುಕೂಲಕ್ಕೆ ತಕ್ಕಂತೆ ರೂಢಿ ಬದಲಿಸುವವರನ್ನು ನಾನು ಜೀವಮಾನವೆಲ್ಲ ಹಂಗಿಸಿದವನು. ಇನ್ನೊಂದು ದಿನ ಇಟ್ಟುಕೊಳ್ಳೋಣವೆಂದು ಬಾಯಿಬಿಟ್ಟರೆ ಸಾಕು, ಮುರಳಿಯ ಬಾಗಿಲು ಮತ್ತೆ ಮುಚ್ಚುತ್ತದೆ. ಎರಡನೆಯ ಸಲ ಅದು ತೆರೆದೀತೆಂಬ ಭರವಸೆ ನನಗಿರಲಿಲ್ಲ. ದೇವರ ಮುಂದೆ ಬಹಳ ಹೊತ್ತು ಕುಳಿತೆ. ದೇವರು, ತನ್ನ ಪದ್ಧತಿಯಂತೆ, ಏನೂ ಹೇಳಲಿಲ್ಲ. ಬಂದು ಕೂತರೆ ಸಾಕೆಂದಲ್ಲವೇ ಮುರಳಿ ಅಂದದ್ದು, ಕೂರುವುದರಿಂದ ವ್ರತ ಕೆಡದು ಎಂದು ಸಮಾಧಾನ ಮಾಡಿಕೊಂಡು, ಯಾರಿಗೂ ಹೇಳದೆ, ಸಂಜೆ ಶಾಲು ಹೊದ್ದು ಕಾರು ಹತ್ತಿದೆ.

ಭೋಜನಶಾಲೆಯ ಬಾಗಿಲಲ್ಲಿ ಪಾದರಕ್ಷೆ ಬಿಡಿಸಿ ಒಳಗೆ ಕರೆದರು. ಚಾಪೆ ಹಾಸಿದ ನೆಲ, ಗಿಡ್ಡ ಮೇಜು, ಮರದ ಚೌಕಟ್ಟಿಗೆ ಕಾಗದ ಹಚ್ಚಿದ ಬಾಗಿಲು. ಒಡತಿ ಮಂಡಿಯೂರಿ ಬಾಗಿ ವಂದಿಸಿ ಒಲೆ ಹಚ್ಚಿ, ಮಡಕೆಯ ಮುಚ್ಚಳ ತೆಗೆದಾಗ ಎದ್ದ ಹಬೆಯಲ್ಲಿ ಒಂದು ಕ್ಷಣ ನಮಗೆ ನಾವೇ ಕಾಣದಾದೆವು. ಮುರಳಿ ಕುತ್ತಿಗೆಗೆ ವಸ್ತ್ರ ಸುತ್ತಿಕೊಂಡು, ಬಾಗಿಲಿಗೆ ಸಮೀಪವಾಗಿ, ಎದ್ದುಹೋಗಲು ಅನುಕೂಲವಾದ ಜಾಗದಲ್ಲಿ ಕುಳಿತಿದ್ದ. ಎದುರಿಗೆ ನಾನು. ನಮ್ಮಿಬ್ಬರ ನಡುವೆ ವಸುಧಾ.

ಊಟ ಸಾಗಿತು. ಎಲೆಕೋಸು ಬೆಂದು ಗಾಜಿನಂತಾಯಿತು, ಮೂಲಂಗಿ ಬಿಲ್ಲೆಗಳು ತಳದಿಂದ ಎದ್ದು ಬಂದವು, ಅಣಬೆಗಳು ತೇಲಿದವು. ಲವೀನಾ ಉದ್ದ ಕಡ್ಡಿಗಳಿಂದ ಎತ್ತಿ ಎತ್ತಿ ಎಲ್ಲರ ಬಟ್ಟಲಿಗೆ ಹಾಕಿದರು. ನನ್ನ ಬಟ್ಟಲಿಗೆ ಕೈ ಅಡ್ಡ ಹಿಡಿದು, ಆಮೇಲೆ ಎಂದೆ. ಮುರಳಿಯೂ ಆಮೇಲೆ ಎಂದ. ಯಾರೂ ಅವನತ್ತ ನೋಡದಿರುವಂತೆ ಎಷ್ಟು ಎಚ್ಚರ ವಹಿಸುತ್ತಿದ್ದರೆಂದರೆ, ಆ ಎಚ್ಚರವೇ ಹತ್ತು ಕಣ್ಣುಗಳಾಗಿ ಅವನನ್ನು ನೋಡುತ್ತಿತ್ತು. ಮಾತು ಹಬೆಯ ಮೇಲೆ ತೇಲಿ ಅಲ್ಲಲ್ಲೇ ಆರುತ್ತಿತ್ತು. ನಾನು ಬಂದಿದ್ದೆ, ಅವನೂ ಬಂದಿದ್ದ, ಕೊಟ್ಟ ಮಾತು ಎರಡೂ ಕಡೆ ನಡೆದಿತ್ತು. ಎರಡು ಬಟ್ಟಲುಗಳು ಮಾತ್ರ ಬರಿದಾಗಿದ್ದವು. ಮನೆಯ ಎರಡು ಬಾಗಿಲುಗಳನ್ನು ಕಿತ್ತು ತಂದು ಈ ಮೇಜಿನ ಮೇಲೆ ಇಟ್ಟಂತಿತ್ತು, ಅಷ್ಟೆ.

ಕಾಯಿಪಲ್ಯ ಮುಗಿದ ಮೇಲೆ ಒಡತಿ ಮತ್ತೆ ಬಂದು, ಎಲ್ಲದರ ರಸವನ್ನೂ ಹೀರಿಕೊಂಡಿದ್ದ ಆ ಸಾರಿಗೆ ಅನ್ನ ಸುರಿದು, ಉಪ್ಪು ಉದುರಿಸಿ ಕಲಕಿದರು. ನಾಬೆಯ ಊಟ ಮುಗಿಯುವುದು ಹೀಗಂತೆ. ವಿಲ್ಫ್ರೆಡ್ ಬಗ್ಗಿ ನೋಡಿ, "ಇಷ್ಟೆಲ್ಲ ಮಾಡಿ ಕೊನೆಗೆ ನಮ್ಮ ಗಂಜಿಯೇ ಮಾರಾಯ್ರೆ, ಇದಕ್ಕೆ ನಮ್ಮಮ್ಮ ಸಾಕಿತ್ತು," ಎಂದರು. ಅನಘಾ ಮರದ ಸೌಟಿನಿಂದ ಎರಡು ಬಟ್ಟಲು ತುಂಬಿ, ಒಂದನ್ನು ಅವಳಪ್ಪನ ಮುಂದೆ, ಒಂದನ್ನು ನನ್ನ ಮುಂದೆ ಇಟ್ಟಳು. ಕೈ ಅಡ್ಡ ಬರುವುದರೊಳಗೆ ಇಟ್ಟಾಗಿತ್ತು.

ಅನ್ನ. ಏಕಾದಶಿಯಂದು ಮುಟ್ಟಬಾರದ್ದರಲ್ಲೆಲ್ಲ ಮೊದಲನೆಯದು.

ಮುರಳಿ ತನ್ನ ಬಟ್ಟಲನ್ನು ನೋಡುತ್ತಿರಲಿಲ್ಲ, ನನ್ನದನ್ನು ನೋಡುತ್ತಿದ್ದ. ಆ ನೋಟದಲ್ಲಿ ಹಂಗಿಸುವಿಕೆಯಿರಲಿಲ್ಲ. ಬಾವಿಯ ಕಟ್ಟೆಯ ಮೇಲೆ ನಿಂತವನು, ಒಳಗಿಳಿದ ಇನ್ನೊಬ್ಬನ ದನಿಗಾಗಿ ಕಾಯುವಂಥ ನೋಟ. ನಾನು ಬಟ್ಟಲಿನ ಸುತ್ತ ನೀರು ಸುತ್ತಿದೆ. ಹೇಳಬೇಕಾದ ಮಂತ್ರವನ್ನು ಮನಸ್ಸಿನಲ್ಲೇ ಹೇಳಿದೆ, ಹೇಳುವಾಗ ಪ್ರತಿ ಅಕ್ಷರವೂ ನನ್ನನ್ನು ಪ್ರಶ್ನಿಸುತ್ತಿದೆಯೆನಿಸಿತು. ಒಂದು ಚಮಚ ಎತ್ತಿ ಬಾಯಿಗಿಟ್ಟುಕೊಂಡೆ. ಬಿಸಿ, ಮೆತ್ತಗೆ, ಕಡಲಿನ ಸಣ್ಣ ಉಪ್ಪು. ನುಂಗಿದೆ.

"ಮಾವ," ಎಂದ ಮುರಳಿ. "ಇವತ್ತು ಏಕಾದಶಿ."

"ಗೊತ್ತು."

ಅವನು ನನ್ನತ್ತ ಬಾಗಿದ. "ನನಗೂ ಗೊತ್ತಿತ್ತು. ನೀವು ದಿನ ಹೇಳಿದಾಗ್ಲೇ ಫೋನಲ್ಲಿ ನೋಡ್ದೆ. ನಿಮಗೆ ಗೊತ್ತಾಗತ್ತೆ, ನೀವು ಬರಲ್ಲ, ಅಲ್ಲಿಗೆ ಮುಗೀತು ಅಂದ್ಕೊಂಡಿದ್ದೆ."

ಮಿತ್ರರೇ, ಮೀನಿನ ಹೆರಕಲು ನನ್ನನ್ನು ಬೆಚ್ಚಿಸಿತ್ತು, ಗಡಿಯಾರದ ಮುಳ್ಳು ಬೆಚ್ಚಿಸಿತ್ತು. ಆದರೆ ಈ ಮಾತಿನ ಮುಂದೆ ಅವೆಲ್ಲ ಮಕ್ಕಳ ಆಟ. ನನ್ನ ವ್ರತವನ್ನು ಆ ಮನೆಯಲ್ಲಿ ನನಗಿಂತ ಎಚ್ಚರದಿಂದ ಕಾಯುತ್ತಿದ್ದವನು ಇವನು. ಮಾತು ಬಿಟ್ಟ ಮೇಲೂ, ಊಟ ಬಿಟ್ಟ ಮೇಲೂ, ಮುಚ್ಚಿದ ಬಾಗಿಲ ಹಿಂದೆ ಪಕ್ಷಕ್ಕೊಮ್ಮೆ ನನ್ನ ಏಕಾದಶಿಯನ್ನು ನೋಡಿಟ್ಟುಕೊಳ್ಳುತ್ತಲೇ ಇದ್ದ. ಅದರ ಹಿಂದೆಯೇ ಈ ಸಲ ಅಡಗಿಕೊಳ್ಳಲು ನೋಡಿದ್ದ. ನಾನು ಹೋಗಿ ಆ ಗೋಡೆಯನ್ನೇ ಕೆಡವಿಬಿಟ್ಟಿದ್ದೆ. ಎರಡನೆಯ ಚಮಚ ಎತ್ತಿದೆ.

ಅವನೂ ಎತ್ತಿದ.

ಮೊದಲ ತುತ್ತು ಇಳಿಯಿತು. ನೀರು ಕುಡಿದ. ಎರಡನೆಯದೂ ಇಳಿಯಿತು. ಮೂರನೆಯದಕ್ಕೆ ನೆತ್ತಿಗೇರಿತು, ಭುಜಗಳು ಕುಲುಕಿದವು, ಕಣ್ಣು ಕೆಂಪಾದವು, ಕೆಮ್ಮು ಕೋಣೆಯನ್ನೆಲ್ಲ ತುಂಬಿತು, ಅವನ ಕೈ ಕಾಗದದ ಬಾಗಿಲನ್ನು ಹುಡುಕತೊಡಗಿತು. ಆಗ ವಿಲ್ಫ್ರೆಡ್, ತಲೆಯನ್ನೂ ಎತ್ತದೆ, ಕಾರು ನಿಲ್ಲಿಸಿದ ಜಾಗ ಸರಿಯಿಲ್ಲವೆಂದು ಹೆಂಡತಿಯ ಮೇಲೆ ದೂರು ತೆಗೆದರು. ಅದು ತೋರಿಸಿದ್ದು ನೀವೇ ಎಂದು ಲವೀನಾ ತಿರುಗಿ ಬಿದ್ದರು. ಅನಘಾ ಇಂಗ್ಲಿಷಿನಲ್ಲಿ ಪಂಚಾಯಿತಿಗೆ ಇಳಿದಳು. ಆ ಜಗಳ ಎಷ್ಟು ಗಟ್ಟಿಯಾಗಿ, ಎಷ್ಟು ನಿರ್ದಯವಾಗಿ, ಎಷ್ಟು ಸುಳ್ಳಾಗಿ ನಡೆಯಿತೆಂದರೆ, ಕೆಮ್ಮು ಅದರೊಳಗೊಂದು ಸಾಮಾನ್ಯ ಸದ್ದಾಗಿ ಕರಗಿಹೋಯಿತು. ಲವೀನಾರ ಗಲ್ಲದ ಮೇಲೆ ನೀರಿಳಿಯುತ್ತಿತ್ತು. ಬಾಯಿ ಮಾತ್ರ ಗಂಡನನ್ನು ಬೈಯುವುದನ್ನು ನಿಲ್ಲಿಸಲಿಲ್ಲ. ಮುರಳಿ ಮೂಗು ಒರೆಸಿಕೊಂಡ. ಎದ್ದು ಹೋಗಲಿಲ್ಲ. ಸ್ವಲ್ಪ ಹೊತ್ತು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದು, ಮತ್ತೆ ಚಮಚ ಎತ್ತಿದ.

ಆಗ ನನ್ನ ಮಗಳತ್ತ ನೋಡಿದೆ. ಬಡಿಸಲು ಯಾರೂ ಉಳಿದಿರಲಿಲ್ಲ, ಮುಚ್ಚಲು ಬಾಗಿಲಿರಲಿಲ್ಲ. ಏನು ಮಾಡಬೇಕೆಂದು ತಿಳಿಯದ ಅವಳ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಅಪ್ಪ ಒಂದು ಕಡೆ, ಗಂಡ ಒಂದು ಕಡೆ ಉಣ್ಣುತ್ತಿರುವಾಗ, ಕುಳಿತುಕೊಂಡು, ತಾನೂ ತನ್ನ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡಳು.

ಮರುದಿನ, ಮೈಸೂರಿನಲ್ಲಿ ಏಕಾದಶಿಯಾಗಿದ್ದ ಭಾನುವಾರ, ನಾನು ನೀರನ್ನೂ ಮುಟ್ಟದೆ ಉಪವಾಸವಿದ್ದೆ. ಅದು ಪ್ರಾಯಶ್ಚಿತ್ತವೋ, ತಡವಾಗಿ ಮಾಡಿದ ವ್ರತವೋ, ಮುದುಕನ ಹಟವೋ, ಇನ್ನೂ ನಿರ್ಧರಿಸಲಾಗಿಲ್ಲ. ಶಾಸ್ತ್ರ ಬಲ್ಲವರು ನನ್ನನ್ನು ತಪ್ಪಿತಸ್ಥನೆಂದರೆ ವಾದ ಹೂಡುವುದಿಲ್ಲ. ಮುರಳಿ ಸಂಪೂರ್ಣ ಬದಲಾದನೆಂದೂ ಹೇಳಲಾರೆ. ಕೆಲವು ದಿನ ಕೆಳಗಿಳಿದು ಬರುತ್ತಾನೆ, ಕೆಲವು ದಿನ ಇಲ್ಲ. ನಾನೂ ಹಾಗೆಯೇ, ಕೆಲವು ದಿನ ಮಣೆಯ ಮೇಲೆ, ಕೆಲವು ದಿನ ಮೇಜಿನ ಬಳಿ. ಆದರೆ ಮೇಜಿನ ಮೇಲೆ ಈಗ ಬಟ್ಟೆಗಳಿಲ್ಲ.

ಆ ಸಂಜೆ ಮಡಕೆಯ ಸುತ್ತ ಕೂತವರೆಲ್ಲರ ಒಲೆ ಆರದಿರಲಿ. ಸುಳ್ಳು ಜಗಳವಾಡಿ ಗೆಳೆಯನ ಮಾನ ಕಾಯ್ದ ವಿಲ್ಫ್ರೆಡ್ ಲವೀನಾರ ದಾಂಪತ್ಯ ನೂರ್ಕಾಲ ಹೀಗೆಯೇ ಗದ್ದಲದಿಂದಿರಲಿ. ಮುದುಕನೊಬ್ಬನಿಗಾಗಿ ರಾತ್ರಿಯಿಡೀ ಸೊಪ್ಪು ನೆನೆಸಿಟ್ಟ ಆ ತಾಯಿಯ ಕೈಗೆ ನೋವು ಬಾರದಿರಲಿ. ಕೇಳಿ ಕೇಳಿ ದಾರಿ ಮಾಡಿಕೊಂಡ ಮೊಮ್ಮಗಳಿಗೆ ಒಳ್ಳೆಯದಾಗಲಿ. ನನ್ನ ಮಗಳು ಇನ್ನು ಮುಂದೆ ಕುಳಿತೇ ಉಣ್ಣಲಿ. ನನ್ನ ಅಳಿಯನ ಗಂಟಲಿನಲ್ಲಿ ಇಂದು ಒಂದು ತುತ್ತು, ನಾಳೆ ಇನ್ನೊಂದು ತುತ್ತು, ತಾನು ಇಳಿದೆನೆಂಬ ಸುಳಿವೂ ಕೊಡದೆ ಇಳಿಯಲಿ.